ಹನ್ನೊಂದನೆಯ ದಿನದ ಸಹಿ

ಕೇಳುಗರಿಗೆ ನಮಸ್ಕಾರ.

ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡುವವನು. ಕಚೇರಿಗೆ ಬರುವ ರೈತ ಮಕ್ಕಳಿಂದ ನಾನು ಹೆಚ್ಚಾಗಿ ಕೇಳುವ ಮಾತು ಒಂದೇ: "ಸಾರ್, ಅಪ್ಪ ಮಾಡಿದ ಸಾಲ, ನಾವು ತೀರಿಸ್ಲೇಬೇಕಲ್ವಾ?" ಇವತ್ತು ಆ ಪ್ರಶ್ನೆ ಹಿಡಿದೇ ಮಾತಾಡುತ್ತೇನೆ.

ಮನೆಯ ಯಜಮಾನ ತೀರಿಕೊಂಡಿದ್ದಾನೆ. ಅಂಗಳದ ಚಪ್ಪರ ಇನ್ನೂ ಬಿಚ್ಚಿಲ್ಲ. ಕೈಸಾಲ ಕೊಟ್ಟವರು ಬಂದು ಜಗಲಿಯ ಮೇಲೆ ಕೂರುತ್ತಾರೆ. ಗದರಿಸುವುದಿಲ್ಲ, ಸಮಾಧಾನವನ್ನೇ ಹೇಳುತ್ತಾರೆ. "ಈಗ ದುಡ್ಡಿಗೆ ಬಂದಿಲ್ಲ ಕಣಕ್ಕ, ಹಳೇ ಪ್ರೋನೋಟು ಬದಲಾಯಿಸಿ ಕೊಡಿ, ಲೆಕ್ಕಕ್ಕೆ ಇರಲಿ" ಅನ್ನುತ್ತಾರೆ. ಪ್ರೋನೋಟು ಅಂದರೆ ಸಾಲ ತೀರಿಸುತ್ತೇನೆಂದು ಬರೆದುಕೊಡುವ ಕಾಗದ. ತಾಯಿ, ಮಗ ಇಬ್ಬರೂ ಸಹಿ ಹಾಕುತ್ತಾರೆ. ಅಲ್ಲಿಯವರೆಗೆ ಸತ್ತವನ ಹೆಸರಲ್ಲಿದ್ದ ಸಾಲ ಈಗ ಇವರಿಬ್ಬರ ತಲೆಗೆ ಬಂತು.

ಕಾನೂನು ಏನು ಹೇಳುತ್ತದೆ? ಸತ್ತವರ ಸಾಲಕ್ಕೆ ವಾರಸುದಾರರ ಹೊಣೆ, ಅವರಿಂದ ಕೈಗೆ ಬಂದ ಆಸ್ತಿ ಎಷ್ಟೋ ಅಷ್ಟಕ್ಕೆ ಮಾತ್ರ. ಸಿವಿಲ್ ಪ್ರಕ್ರಿಯಾ ಸಂಹಿತೆಯ 50 ಮತ್ತು 52ನೇ ಕಲಮುಗಳಲ್ಲಿ ಇದು ಇದೆ. ಅಪ್ಪನಿಂದ ಬಂದದ್ದು ಎರಡು ಲಕ್ಷದ್ದು, ಸಾಲ ಐದು ಲಕ್ಷ ಅಂತಿಟ್ಟುಕೊಳ್ಳಿ. ಉಳಿದ ಮೂರು ಲಕ್ಷಕ್ಕೆ ಮಗ ಬೆಂಗಳೂರಿನಲ್ಲಿ ದುಡಿದು ತರುವ ಸಂಬಳಕ್ಕೆ ಕೈ ಹಾಕುವಂತಿಲ್ಲ. ಹಿಂದೆ ಪಿತೃಋಣ ಅಂತ ಒಂದಿತ್ತು. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂದು ಕೋರ್ಟುಗಳೂ ಒಪ್ಪುತ್ತಿದ್ದವು. 2005ರ ಸೆಪ್ಟೆಂಬರ್ 9ರಿಂದ ಈಚಿನ ಸಾಲಗಳಿಗೆ ಅದು ನಡೆಯುವುದಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ತಿದ್ದುಪಡಿಯಲ್ಲೇ ಈ ಮಾತೂ ಇದೆ. ತಂಗಿಯ ಪಾಲಿನ ವಿಚಾರ ಊರಿಗೆಲ್ಲ ಗೊತ್ತು, ಇದು ಮಾತ್ರ ಯಾರಿಗೂ ಗೊತ್ತಿಲ್ಲ!

ಮಗ ಮೊದಲೇ ಜಾಮೀನು ನಿಂತಿದ್ದರೆ ಮಾತು ಬೇರೆ. ಆಗ ಅವನೂ ಸಾಲಗಾರನೇ. ಜಮೀನು ಅಡಮಾನವಾಗಿದ್ದರೆ, ಅದು ಯಾರ ಕೈಗೆ ಹೋದರೂ ಸಾಲ ಬೆನ್ನಿಗಿರುತ್ತದೆ. ಅಡಮಾನ ಇದೆಯೇ ಎಂದು ಪಹಣಿಯ 11ನೇ ಕಾಲಂ ನೋಡಿಕೊಳ್ಳಿ. ಬರೀ ಪ್ರೋನೋಟಿನ ಸಾಲಕ್ಕೆ ದಾವಾ ಹಾಕಲು ಸಾಮಾನ್ಯವಾಗಿ ವಾಯಿದೆ ಮೂರು ವರ್ಷ. ಹಳೆಯದನ್ನು ಬದಲಾಯಿಸಿ ಅಂತ ಅವರು ಅವಸರ ಮಾಡುವುದು ಇದಕ್ಕೇ. ಹೊಸ ಕಾಗದದ ಮೇಲೆ ಸಹಿ ಬಿತ್ತೆಂದರೆ, ಹಣ ಪಡೆದೇ ಬರೆದುಕೊಟ್ಟಿದ್ದಾರೆ ಎಂದು ಕೋರ್ಟು ಮೊದಲು ಭಾವಿಸುತ್ತದೆ. ಪಡೆದಿಲ್ಲ ಎಂದು ತೋರಿಸುವ ಭಾರ ಸಹಿ ಹಾಕಿದವರದು. ಬೆದರಿಸಿ ವಸೂಲಿ ಮಾಡುವವರ ವಿರುದ್ಧ ನಮ್ಮ ರಾಜ್ಯ 2025ರಲ್ಲಿ ತಂದ ಕಾನೂನಿನಲ್ಲಿ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ. ನಯವಾಗಿ ಮಾತಾಡಿ ಸಹಿ ಪಡೆದವರನ್ನು ಅದರಡಿ ಹಿಡಿಯುವುದು ಕಷ್ಟ.

ಇನ್ನು ಬ್ಯಾಂಕು. ಕೋರ್ಟಿಗೆ ಹೋಗದೆ ಬ್ಯಾಂಕೇ ಆಸ್ತಿ ವಶಪಡಿಸಿಕೊಳ್ಳುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಆದರೆ ಪಹಣಿಯಲ್ಲಿ ಕೃಷಿ ಅಂತ ಇದ್ದರೆ ಸಾಲದು, ಉಳುಮೆ ಇರಬೇಕು. ಗೋವಾದ ಒಂದು ದೊಡ್ಡ ಹೋಟೆಲಿನವರು ತಮ್ಮ ಜಾಗದಲ್ಲಿ ಕೃಷಿ ಭೂಮಿಯೂ ಇದೆ ಎಂದು ವಾದಿಸಿದರು. 2018ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ತೋಟದಲ್ಲಿ ಹೋಂಸ್ಟೇ ಕಟ್ಟಿರುವವರು ಇದನ್ನು ಸ್ವಲ್ಪ ಯೋಚಿಸಿ. ಸರ್ಫೇಸಿ ಇಲ್ಲ ಅಂದ ಮಾತ್ರಕ್ಕೆ ಸಾಲ ಮನ್ನಾ ಆಯಿತು ಅಂತಲೂ ಅಲ್ಲ, ಬ್ಯಾಂಕು ದಾವಾ ಹಾಕಬಹುದು. ಡಿಕ್ರಿಯಾದರೂ, ಅಂದರೆ ತೀರ್ಪು ಬ್ಯಾಂಕಿನ ಕಡೆಗಾದರೂ, ರೈತ ವಾಸವಿರುವ ಮನೆ, ಉಳುಮೆಯ ಸಾಮಾನು, ಬದುಕಿಗೆ ಬೇಕಾದ ದನ, ಬಿತ್ತನೆ ಬೀಜ, ಇವನ್ನು ಜಪ್ತಿ ಮಾಡುವಂತಿಲ್ಲ, ಅದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು. ಆದರೆ ಆ ಮನೆಯನ್ನೇ ಅಡವಿಟ್ಟಿದ್ದರೆ ಈ ರಕ್ಷಣೆ ಸಿಗದು.

ಪಾಪರ್ ಆಗಿಬಿಡ್ತೀನಿ ಸಾರ್ ಅನ್ನುವವರೂ ಇದ್ದಾರೆ. ಅಮೆರಿಕದಲ್ಲಿ ರೈತರಿಗೆಂದೇ 1986ರಿಂದ ಬೇರೆ ದಿವಾಳಿ ಕಾನೂನಿದೆ. ಹೊಲ ಕೈಯಲ್ಲಿಟ್ಟುಕೊಂಡೇ, ಬೆಳೆ ಬಂದಂತೆ ಮೂರರಿಂದ ಐದು ವರ್ಷ ಕಂತು ಕಟ್ಟುವ ಯೋಜನೆಗೆ ಕೋರ್ಟು ಒಪ್ಪಿಗೆ ಕೊಡುತ್ತದೆ. ನಮ್ಮಲ್ಲಿ ಅಂಥದ್ದಿಲ್ಲ. 2016ರ ದಿವಾಳಿ ಸಂಹಿತೆಯಲ್ಲಿ ಜನಸಾಮಾನ್ಯರಿಗಾಗಿ ಬರೆದ ಭಾಗ, ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಜಾರಿಯಾಗಿದೆ. ರೈತನಿಗೆ ಉಳಿದಿರುವುದು ಬ್ರಿಟಿಷರ ಕಾಲದ 1920ರ ಕಾಯ್ದೆ. ಅದರಲ್ಲೂ ಅಡಮಾನ ಹಿಡಿದವನನ್ನು ತಡೆಯಲಾಗದು. ನನ್ನನ್ನು ಕೇಳಿದರೆ ಇದು ದೊಡ್ಡ ಕೊರತೆ. ಸಾಲಮನ್ನಾದ ಬಗ್ಗೆ ನಾವು ಆಡುವಷ್ಟು ಮಾತನ್ನು ಇದರ ಬಗ್ಗೆ ಆಡಿದ್ದೇ ಇಲ್ಲ.

ಕೊನೆಗೆ ಎಷ್ಟೋ ಜನ ಎರಡೆಕರೆ ಮಾರಿ ಕೈ ತೊಳೆದುಕೊಳ್ಳುತ್ತಾರೆ. ಅಲ್ಲೊಂದು ತೆರಿಗೆಯ ತೊಡಕಿದೆ. ಹಳ್ಳಿಯ ಕೃಷಿ ಜಮೀನು ಮಾರಿದ ಲಾಭಕ್ಕೆ ತೆರಿಗೆ ಇಲ್ಲ. ಪಟ್ಟಣಕ್ಕೆ ಹತ್ತಿರವಿದ್ದರೆ ಇದೆ: ಅಲ್ಲಿನ ಜನಸಂಖ್ಯೆ ನೋಡಿಕೊಂಡು ಪುರಸಭೆ ಎಲ್ಲೆಯಿಂದ 2, 6 ಅಥವಾ 8 ಕಿಲೋಮೀಟರ್, ಅದೂ ರಸ್ತೆಯ ಅಳತೆಯಲ್ಲ, ನೇರ ಅಳತೆ. ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡರೆ ವಿನಾಯಿತಿ ಸಿಗುತ್ತದೆ, ಮಾರಿದ ಹಣವೆಲ್ಲ ಸಾಲಕ್ಕೆ ಹೋದವನಿಗೆ ಅದರಿಂದ ಏನು ಬಂತು? ಮುಂಗಡವನ್ನು ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ತೆಗೆದುಕೊಳ್ಳಲೇಬೇಡಿ. ಕೊಳ್ಳುವವನಿಗೂ ಕೃಷಿ ಬಿಟ್ಟು ಬೇರೆ ತೆರಿಗೆಯ ಆದಾಯ ಇಲ್ಲದಿದ್ದರೆ ಪರವಾಗಿಲ್ಲ. ಕೊಳ್ಳಲು ಬರುವವರು ಬಹುಪಾಲು ಪೇಟೆಯವರು. ತೆಗೆದುಕೊಂಡಷ್ಟೇ ಹಣ ದಂಡವಾಗಿ ಬೀಳಬಹುದು.

ಮೊನ್ನೆ ಒಬ್ಬ ಹುಡುಗ ಬಂದಿದ್ದ. ಕೈಯಲ್ಲಿ ನೋಟಿಸು, ಜೊತೆಗೆ ಪ್ರೋನೋಟಿನ ಜೆರಾಕ್ಸು. ತಾರೀಖು ನೋಡಿದೆ. ಅಪ್ಪ ಹೋಗಿ ಹನ್ನೊಂದನೆಯ ದಿನ. "ಸ್ಟಾಂಪು ಯಾರಪ್ಪ ತಂದಿದ್ದು?" ಅಂದೆ.

"ಅವರೇ ತಂದಿದ್ರು ಸಾರ್."

ನಮಸ್ಕಾರ.