ಪ್ರೋಟೋಟೈಪ್ ರೆಡಿ ಇದೆ, ದುಡ್ಡು ಯಾರ ಹತ್ರ ಕೇಳೋದು?

[ತೆರೆಯ ಮೇಲೆ: ಸಿಂಪ್ಯೂಟರ್‌ನ ಹಳೆಯ ಫೋಟೋ]

ಎಲ್ಲರ ಜೇಬಿಗೂ ಸ್ಮಾರ್ಟ್‌ಫೋನ್ ಬರೋದಕ್ಕೆ ಎಷ್ಟೋ ವರ್ಷ ಮೊದಲೇ ಬೆಂಗಳೂರಲ್ಲಿ ಅಂಗೈಲಿ ಹಿಡಿಯೋ ಕಂಪ್ಯೂಟರ್ ತಯಾರಾಗಿತ್ತು. ಹೆಸರು ಸಿಂಪ್ಯೂಟರ್. ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತೀವಲ್ಲ, ಆ ಐಐಎಸ್‌ಸಿಯ ಪ್ರೊಫೆಸರ್‌ಗಳೂ ಎನ್‌ಕೋರ್ ಕಂಪನಿಯ ಎಂಜಿನಿಯರ್‌ಗಳೂ ಸೇರಿ ಮಾಡಿದ್ದು. 2001ರಲ್ಲೇ ಅದನ್ನ ಜನರ ಮುಂದಿಟ್ರು. ಲಿನಕ್ಸ್ ಮೇಲೆ ಓಡ್ತಿತ್ತು, ಟಚ್ ಸ್ಕ್ರೀನ್ ಇತ್ತು, ನಮ್ಮ ಭಾಷೆಯ ಅಕ್ಷರಗಳನ್ನ ಓದಿ ಹೇಳ್ತಿತ್ತು. 2004ರಲ್ಲಿ ಸರ್ಕಾರಿ ಕಂಪನಿ ಬಿಇಎಲ್ ತಯಾರಿಸಿದ ‘ಅಮಿಡಾ’ ಮಾದರಿ ಅಂಗಡಿಗೂ ಬಂತು. ಮಾರಾಟ ಆಗಿದ್ದು ಮಾತ್ರ ಕೆಲವೇ ಸಾವಿರ.

ತಂತ್ರಜ್ಞಾನದಲ್ಲಿ ಏನೂ ಕಮ್ಮಿ ಇರ್ಲಿಲ್ಲ. ಹತ್ತು ಸಾವಿರದ ಆಸುಪಾಸಿನ ಬೆಲೆ, ಯಾವ ಹಳ್ಳಿಯವರಿಗೆ ಅಂತ ಮಾಡಿದ್ರೋ ಅವರ ಕೈಗೇ ಎಟುಕಲಿಲ್ಲ. ಒಂದೇ ಸಲಕ್ಕೆ ಸಾವಿರಗಟ್ಟಲೆ ಕೊಳ್ಳೋ ದೊಡ್ಡ ಗಿರಾಕಿಯೂ ಸಿಗಲಿಲ್ಲ. ಅಷ್ಟರಲ್ಲಿ ಮೊಬೈಲ್ ಅಗ್ಗ ಆಗ್ಬಿಡ್ತು.

ಸ್ವಾರಸ್ಯ ಏನು ಗೊತ್ತಾ? ಸಿಂಪ್ಯೂಟರ್ ಹಿಂದಿದ್ದ ನಾಲ್ಕು ಪ್ರೊಫೆಸರ್‌ಗಳೇ 2000ದಲ್ಲಿ ಸ್ಟ್ರಾಂಡ್ ಅಂತ ಇನ್ನೊಂದು ಕಂಪನಿ ಕಟ್ಟಿದ್ರು. ವಂಶವಾಹಿ ಮಾಹಿತಿಯನ್ನ ವಿಶ್ಲೇಷಣೆ ಮಾಡೋ ಸಾಫ್ಟ್‌ವೇರ್. ಕೊಳ್ಳೋರು ಸಂಶೋಧನಾ ಸಂಸ್ಥೆಗಳು, ಔಷಧ ಕಂಪನಿಗಳು. ಆ ಕಂಪನಿ ಉಳೀತು, 2021ರಲ್ಲಿ ರಿಲಯನ್ಸ್ 393 ಕೋಟಿ ಕೊಟ್ಟು ಅದರ ಬಹುಪಾಲು ಷೇರು ಕೊಂಡ್ಕೊಳ್ತು. ತಲೆಗಳು ಅವೇ. ಗಿರಾಕಿ ಬೇರೆ.

ಹೂಡಿಕೆದಾರರು ನಿಮ್ಮ ಮುಂದೆ ಕೂತಾಗ ತಲೆ ಕೆಡಿಸಿಕೊಳ್ಳೋದು ಇದಕ್ಕೇ. ಯಂತ್ರ ಓಡುತ್ತಾ ಅನ್ನೋದು ಒಂದು ಪ್ರಶ್ನೆ. ಅದನ್ನ ಯಾರಾದ್ರೂ ದುಡ್ಡು ಕೊಟ್ಟು ಕೊಳ್ತಾರಾ ಅನ್ನೋದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ದುಡ್ಡಿದೆ, ಅದನ್ನ ಕಲಸಿಕೊಂಡ್ರೆ ಕೈ ಸುಟ್ಟುಕೊಳ್ತೀರಿ.

[ತೆರೆಯ ಮೇಲೆ: ಖಾಲಿ ಕಾಗದ, ಪೆನ್ನಲ್ಲಿ ಲೆಕ್ಕ ಬರೆಯೋ ಕೈ]

ಲೆಕ್ಕ ಹಾಕೋಣ. ಇದು ಬರೀ ಉದಾಹರಣೆ, ಯಾರ ಕಥೆಯೂ ಅಲ್ಲ. ಇಬ್ಬರು ಗೆಳೆಯರು ಹಾಲಿನ ಕಲಬೆರಕೆ ಪತ್ತೆ ಮಾಡೋ ಸೆನ್ಸರ್ ಮಾಡ್ತಿದ್ದಾರೆ. ಇನ್ನೂ ಟೇಬಲ್ ಮೇಲೆ ವೈರು ಹರಡ್ಕೊಂಡಿದೆ. ಒಬ್ಬ ಏಂಜೆಲ್ ಹೂಡಿಕೆದಾರರು, ಅಂದ್ರೆ ಶುರುವಿನಲ್ಲೇ ಸ್ವಂತ ದುಡ್ಡು ಹಾಕೋರು, ಬಂದು 50 ಲಕ್ಷ ಕೊಡ್ತೀನಿ ಅಂತಾರೆ. ಆ ದುಡ್ಡೂ ಸೇರಿ ಕಂಪನಿಯ ಬೆಲೆ 2 ಕೋಟಿ ಅಂತ ಕಟ್ಟಿದ್ರೆ, ಕಾಲು ಭಾಗ ಷೇರು ಆಗಲೇ ಹೋಯ್ತು. ಅದೇ 50 ಲಕ್ಷ ಗ್ರಾಂಟ್ ರೂಪದಲ್ಲಿ, ಅಂದ್ರೆ ವಾಪಸ್ ಕೊಡಬೇಕಿಲ್ಲದ, ಷೇರೂ ಕೇಳದ ಸಹಾಯಧನವಾಗಿ ಬಂತು ಅನ್ಕೊಳ್ಳಿ. ಒಂದೂವರೆ ವರ್ಷದಲ್ಲಿ ಸೆನ್ಸರ್ ಪೆಟ್ಟಿಗೆಯೊಳಗೆ ಕೂತಿದೆ, ಎರಡು ಡೈರಿಗಳಲ್ಲಿ ದಿನಾ ಬೆಳಗ್ಗೆ ಓಡ್ತಿದೆ. ಈಗ ಬೆಲೆ 10 ಕೋಟಿ ಅಂತ ಒಪ್ಪಿಸಿದ್ರೆ, 20 ಪರ್ಸೆಂಟ್ ಷೇರಿಗೆ 2 ಕೋಟಿ ಬರುತ್ತೆ. ಕೊಟ್ಟ ಷೇರು ಕಮ್ಮಿ, ಬಂದ ದುಡ್ಡು ನಾಲ್ಕು ಪಟ್ಟು.

ಈ ಗ್ರಾಂಟ್ ಎಲ್ಲಿ ಸಿಗುತ್ತೆ? ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆ 2017ರಿಂದ ಇದೆ, ಆಯ್ಕೆ ಆದ್ರೆ 50 ಲಕ್ಷದವರೆಗೆ. ಷೇರು ಕೇಳಲ್ಲ. ಜೈವಿಕ ತಂತ್ರಜ್ಞಾನ, ವೈದ್ಯಕೀಯ ಉಪಕರಣ ಅಂದ್ರೆ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್‌ನ ‘ಬಿಗ್’ ಅನ್ನೋ ಗ್ರಾಂಟ್ ಇದೆ, ಅದೂ 50 ಲಕ್ಷದವರೆಗೆ. ಅದನ್ನ ಸಿ-ಕ್ಯಾಂಪ್‌ನಂಥ ಇನ್‌ಕ್ಯುಬೇಟರ್‌ಗಳ, ಅಂದ್ರೆ ಹೊಸ ಕಂಪನಿಗಳಿಗೆ ಜಾಗ, ಸಲಹೆ ಕೊಟ್ಟು ಬೆಳೆಸೋ ಕೇಂದ್ರಗಳ ಮೂಲಕ ಕೊಡ್ತಾರೆ. ಸಿ-ಕ್ಯಾಂಪ್ ಇರೋದು ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೇ. ಕೇಂದ್ರದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್ 2021ರಲ್ಲಿ ಬಂತು. ಅದರಲ್ಲಿ ಐಡಿಯಾ ಕೆಲಸ ಮಾಡುತ್ತೆ ಅಂತ ತೋರಿಸೋಕೆ 20 ಲಕ್ಷದವರೆಗೆ ಗ್ರಾಂಟ್. ಮಾರುಕಟ್ಟೆಗೆ ಇಳಿಯೋಕೆ 50 ಲಕ್ಷದವರೆಗೆ ಕೊಡ್ತಾರೆ, ಆದ್ರೆ ಅದು ಸಾಲ ಅಥವಾ ಮುಂದೆ ಷೇರಾಗಿ ಬದಲಾಗೋ ಸಾಲಪತ್ರ (ಡಿಬೆಂಚರ್). ಅದು ಗ್ರಾಂಟ್ ಅಲ್ಲ, ಗಮನ ಇರ್ಲಿ.

ಯಾವ ಗ್ರಾಂಟೂ ಒಂದೇ ಸಲಕ್ಕೆ ಕೈಗೆ ಬರಲ್ಲ. ಕಂತು ಕಂತಾಗಿ ಬರುತ್ತೆ, ಪ್ರತಿ ಕಂತಿಗೂ ಬಿಲ್ಲು, ವರದಿ ಕೊಡ್ಬೇಕು. ಕಂತು ತಡ ಆದ್ರೆ ಸಂಬಳ ಕೊಡೋದು ಹೇಗೆ ಅಂತ ಮೊದಲೇ ಯೋಚನೆ ಮಾಡಿ.

[ತೆರೆಯ ಮೇಲೆ: ಏಥರ್ ಸ್ಕೂಟರ್, ಬೆಂಗಳೂರಿನ ರಸ್ತೆ]

ಈಗ ಹೀಗೆ ಹಂತ ಹಂತವಾಗಿ ಬಂದ ಒಂದು ಎಲೆಕ್ಟ್ರಿಕ್ ಸ್ಕೂಟರ್ ಕಂಪನಿ ನೋಡಿ. ತರುಣ್ ಮೆಹ್ತಾ, ಸ್ವಪ್ನಿಲ್ ಜೈನ್, ಇಬ್ಬರೂ ಐಐಟಿ ಮದ್ರಾಸ್‌ನಲ್ಲಿ ಓದಿದವರು. 2013ರಲ್ಲಿ ಅಲ್ಲಿನ ಇನ್‌ಕ್ಯುಬೇಟರ್‌ನಲ್ಲೇ ಏಥರ್ ಶುರು ಮಾಡಿದ್ರು. ಮೊದಲು ಇದ್ದದ್ದು ಬ್ಯಾಟರಿ ಪ್ಯಾಕ್ ಮಾಡೋ ಯೋಚನೆ. ಒಳ್ಳೆ ಬ್ಯಾಟರಿ ಹಾಕೋ ಯೋಗ್ಯತೆ ಇರೋ ಸ್ಕೂಟರೇ ಆಗ ಇರ್ಲಿಲ್ಲ, ಹಾಗಾಗಿ ಸ್ಕೂಟರನ್ನೇ ಮಾಡೋಕೆ ಹೊರಟ್ರು. 2014ರ ಕೊನೆಗೆ ಫ್ಲಿಪ್‌ಕಾರ್ಟ್ ಕಟ್ಟಿದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ದುಡ್ಡು ಹಾಕಿದ್ರು. 2015ರಲ್ಲಿ ಅಮೆರಿಕದ ಹೂಡಿಕೆ ಸಂಸ್ಥೆ ಟೈಗರ್ ಗ್ಲೋಬಲ್, 2016ರಲ್ಲಿ ಹೀರೋ ಮೋಟೋಕಾರ್ಪ್ 205 ಕೋಟಿ. ಇಷ್ಟೆಲ್ಲಾ ಆದ್ಮೇಲೆ ಮೊದಲ ಗಾಡಿ ಗಿರಾಕಿ ಕೈಗೆ ಸಿಕ್ಕಿದ್ದು 2018ರಲ್ಲಿ!

ಇಲ್ಲಿ ನನಗೆ ಮುಖ್ಯ ಅನ್ನಿಸೋದು ಮಾರಾಟ ಶುರುವಾದ ರೀತಿ. ಇಡೀ ದೇಶದಲ್ಲಿ ಅಂಗಡಿ ತೆರೀಲಿಲ್ಲ. ಬೆಂಗಳೂರು ಒಂದೇ ಊರು, ಅಲ್ಲಿ ಮೊದಲು ಚಾರ್ಜಿಂಗ್ ಪಾಯಿಂಟ್‌ಗಳು, ಆಮೇಲೆ ಸ್ಕೂಟರ್. ಚೆನ್ನೈ ಮರುವರ್ಷ. 2025ರಲ್ಲಿ ಕಂಪನಿ ಷೇರುಪೇಟೆಗೆ ಬಂದಾಗಲೂ ಲಾಭ ಮಾಡ್ತಿರ್ಲಿಲ್ಲ, ಅದನ್ನೂ ಹೇಳ್ಬೇಕು. ಯಂತ್ರ ತಯಾರಿಸೋ ಕಂಪನಿಗೆ ಹೂಡಿಕೆ ಅಂದ್ರೆ ಹತ್ತು ಹನ್ನೆರಡು ವರ್ಷ ಕಾಯೋ ದುಡ್ಡು. ಮೂರು ವರ್ಷಕ್ಕೆ ವಾಪಸ್ ಬೇಕು ಅನ್ನೋರ ಹತ್ರ ಅದನ್ನ ತಗೊಂಡ್ರೆ ಇಬ್ಬರಿಗೂ ಕಷ್ಟ.

ಹೂಡಿಕೆದಾರರ ವಕೀಲರು ಮೊದಲು ಕೇಳೋದು ಪೇಟೆಂಟ್ ಯಾರ ಹೆಸರಲ್ಲಿದೆ ಅಂತ. ಕಾಲೇಜಿನ ಲ್ಯಾಬ್‌ನಲ್ಲಿ, ಕಾಲೇಜಿನ ದುಡ್ಡಲ್ಲಿ ಮಾಡಿದ್ರೆ ಸಾಮಾನ್ಯವಾಗಿ ಅದು ಕಾಲೇಜಿನದ್ದು. ಕಂಪನಿ ಹೆಸರಿಗೆ ಲೈಸೆನ್ಸ್ ಬರೆಸಿಕೊಳ್ಳಿ, ಪ್ರೊಫೆಸರ್ ಬಾಯಿಮಾತಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಇನ್ನೊಂದು, ಸ್ಪರ್ಧೆ, ಎಕ್ಸ್‌ಪೋ ಅಂತ ವೇದಿಕೆ ಹತ್ತಿ ಎಲ್ಲಾ ಬಿಡಿಸಿ ಹೇಳೋಕೆ ಮುಂಚೆ ತಾತ್ಕಾಲಿಕ ಪೇಟೆಂಟ್ ಅರ್ಜಿ ಹಾಕಿಬಿಡಿ. ಪೂರ್ಣ ವಿವರ ಕೊಡೋಕೆ ಅಲ್ಲಿಂದ 12 ತಿಂಗಳು ಟೈಮ್ ಇದೆ. ಕೇಂದ್ರ ಸರ್ಕಾರದ ಮಾನ್ಯತೆ ಇರೋ ಸ್ಟಾರ್ಟಪ್‌ಗಳಿಗೆ ಶುಲ್ಕದಲ್ಲಿ 80 ಪರ್ಸೆಂಟ್ ರಿಯಾಯಿತಿಯೂ ಇದೆ. ಟ್ರೋಫಿ ಹಿಡಿದು ಫೋಟೋ ತೆಗೆಸ್ಕೊಳ್ಳೋಕೆ ಇರೋ ಉತ್ಸಾಹದಲ್ಲಿ ಕಾಲು ಭಾಗ ಇದಕ್ಕಿದ್ರೆ ಸಾಕು.

[ತೆರೆಯ ಮೇಲೆ: ಜೆಮ್ ಪೋರ್ಟಲ್‌ನ ಮುಖಪುಟ]

ಮೊದಲ ಗಿರಾಕಿ ಹುಡುಕೋ ವಿಷ್ಯಕ್ಕೆ ಬಂದ್ರೆ, ಸರ್ಕಾರಿ ಇಲಾಖೆಗಳನ್ನ ಬಿಟ್ಟುಬಿಡಬೇಡಿ. ಇಲಾಖೆಗಳು ಸಾಮಾನು ಕೊಳ್ಳೋ ಜೆಮ್ ಪೋರ್ಟಲ್‌ನಲ್ಲಿ ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೆ ಹಿಂದಿನ ಅನುಭವ, ವಹಿವಾಟಿನ ಷರತ್ತು ಸಡಿಲಿಸೋಕೆ ಅವಕಾಶ ಇದೆ, ಟೆಂಡರ್ ಜೊತೆ ಇಡೋ ಠೇವಣಿ (ಇಎಂಡಿ) ಕಟ್ಟೋದ್ರಿಂದ ವಿನಾಯಿತಿಯೂ ಇದೆ. ಹಣ ಬರೋದು ನಿಧಾನ ಆಗ್ಬಹುದು. ಆದ್ರೆ ಖರೀದಿ ಆದೇಶದ ಒಂದು ಹಾಳೆ ಕೈಲಿದ್ರೆ ಹೂಡಿಕೆದಾರರ ಜೊತೆ ಮಾತಿನ ಧಾಟಿಯೇ ಬೇರೆ ಆಗುತ್ತೆ. ಹಾಗಂತ ಉಚಿತ ಪೈಲಟ್‌ಗೆ, ಅಂದ್ರೆ ಪುಕ್ಕಟೆ ಪ್ರಯೋಗಕ್ಕೆ ಒಪ್ಪಿಕೊಳ್ಳಬೇಡಿ. ಹತ್ತು ಸಾವಿರವೇ ಆಗ್ಲಿ, ದುಡ್ಡು ತಗೊಂಡೇ ಮಾಡಿ. ಪುಕ್ಕಟೆ ಕೊಟ್ಟಿದ್ದನ್ನ ಮೂಲೇಲಿಟ್ಟು ಮರೆತುಬಿಡೋರೇ ಹೆಚ್ಚು.

ಹೂಡಿಕೆ ಒಪ್ಪಂದದ ಕಾಗದದಲ್ಲಿ ಎಲ್ಲಿ ಸಹಿ ಹಾಕಬಾರದು ಅನ್ನೋದು ಮುಂದಿನ ವಿಡಿಯೋದಲ್ಲಿ. ನಿಮ್ಮ ಊರಿನ ಇನ್‌ಕ್ಯುಬೇಟರ್ ಹೇಗಿದೆ, ಕಾಮೆಂಟ್‌ನಲ್ಲಿ ಬರೀರಿ. ಮೈಸೂರು, ಹುಬ್ಬಳ್ಳಿ, ಮಂಗಳೂರಿನವರು ಬರೆದ್ರೆ ಇನ್ನೂ ಖುಷಿ.