ಹಳೆಯ ವಿಡಿಯೊ, ದೊಡ್ಡ ಪರದೆ

ಕೇಳುಗರಿಗೆ ನಮಸ್ಕಾರ.

ಮನೆಗೆ 4ಕೆ ಟಿವಿ ಬಂದ ಮೇಲೆ, ಜತನವಾಗಿ ಇಟ್ಟುಕೊಂಡಿದ್ದ ಡಿವಿಡಿಗಳು ಇದ್ದಕ್ಕಿದ್ದಂತೆ ಮಸುಕಾಗಿ ಕಾಣತೊಡಗುತ್ತವೆ. ತಪ್ಪು ಡಿವಿಡಿಯದಲ್ಲ. ಪಾಲ್ ಎಂಬ, ನಮ್ಮ ದೇಶದ ಹಳೆಯ ಟಿವಿ ಮಾದರಿಯ ಡಿವಿಡಿಯ ಒಂದು ಫ್ರೇಮು (ಒಂದು ಬಿಡಿ ಚಿತ್ರ) 720 ಪಿಕ್ಸೆಲ್ ಅಥವಾ ಚುಕ್ಕೆಗಳಷ್ಟು ಅಗಲ, 576 ಪಿಕ್ಸೆಲ್ ಎತ್ತರ ಇರುತ್ತದೆ. ಒಟ್ಟು ಸುಮಾರು 4 ಲಕ್ಷ ಪಿಕ್ಸೆಲ್. ಪರದೆಯಲ್ಲಿರುವುದು 3840ಕ್ಕೆ 2160, ಅಂದರೆ ಸುಮಾರು 83 ಲಕ್ಷ. ಪರದೆ ಪೂರ್ತಿ ತುಂಬಬೇಕಾದರೆ 20 ಪಿಕ್ಸೆಲ್‌ಗಳಲ್ಲಿ 19ನ್ನು ಯಂತ್ರವೇ ಅಂದಾಜಿಸಿ ಬರೆಯಬೇಕು. ಈ ಅಂದಾಜಿನ ಕೆಲಸವೇ ಅಪ್‌ಸ್ಕೇಲಿಂಗ್.

ಟಿವಿಯೂ ಇದನ್ನು ಮಾಡುತ್ತದೆ. ಆದರೆ ಟಿವಿಗೆ ಕಂಪ್ಯೂಟರ್ ಜೋಡಿಸಿಕೊಂಡವರಿಗೆ, ಯಾರು ಮಾಡಬೇಕು, ಹೇಗೆ ಮಾಡಬೇಕು ಎಂದು ಆರಿಸಿಕೊಳ್ಳುವ ಅವಕಾಶವಿದೆ. ಕಂಪ್ಯೂಟರಿನ ಔಟ್‌ಪುಟ್ಟನ್ನು 2160ಕ್ಕೆ ಇಟ್ಟರೆ ಹಿಗ್ಗಿಸುವ ಹೊಣೆ ವಿಡಿಯೊ ಪ್ಲೇಯರಿನದು. 1080ಕ್ಕೆ, ಅಂದರೆ 1920ಕ್ಕೆ 1080 ಪಿಕ್ಸೆಲ್‌ಗೆ, ಇಟ್ಟರೆ ಡಿವಿಡಿಯನ್ನು ಪ್ಲೇಯರ್ ಒಮ್ಮೆ ಹಿಗ್ಗಿಸುತ್ತದೆ, ಟಿವಿ ಇನ್ನೊಮ್ಮೆ ಹಿಗ್ಗಿಸುತ್ತದೆ. ಮೊದಲ ಸಲದ ದೋಷವನ್ನು ಎರಡನೆಯ ಸಲ ಇನ್ನಷ್ಟು ದೊಡ್ಡದು ಮಾಡಿದಂತಾಗುತ್ತದೆ.

ವಿಧಾನಗಳಲ್ಲಿ ಅಂತರ ಎಷ್ಟಿದೆ ಎಂದು ತಿಳಿಯಲು ಒಂದು ದೃಶ್ಯವನ್ನು ನಿಲ್ಲಿಸಿ ನೋಡಿ. ತಿಳಿಬೂದು ಆಕಾಶದ ಎದುರು ಓರೆಯಾಗಿ ಹಾದುಹೋದ ಕಪ್ಪು ತಂತಿ ಸಿಕ್ಕರೆ ಒಳ್ಳೆಯದು. ಬೈಲಿನಿಯರ್ ವಿಧಾನ ಸುತ್ತಲಿನ 4 ಪಿಕ್ಸೆಲ್‌ಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ; ತಂತಿ ಮೆತ್ತಗೆ ಮಸುಕಾಗುತ್ತದೆ. ಬೈಕ್ಯೂಬಿಕ್ 16 ಪಿಕ್ಸೆಲ್ ನೋಡುತ್ತದೆ. ಹಂಗೇರಿ ಮೂಲದ ಗಣಿತಜ್ಞ ಕಾರ್ನೆಲಿಯಸ್ ಲಾಂಜೋಸ್ ಅವರ ಹೆಸರಿನ ವಿಧಾನ ಸಾಮಾನ್ಯವಾಗಿ 36 ನೋಡುತ್ತದೆ. ತಂತಿ ಈಗ ಚೂಪಾಗುತ್ತದೆ, ಆದರೆ ಅದರ ಎರಡೂ ಬದಿಯಲ್ಲಿ ತೆಳ್ಳನೆಯ ಬೆಳ್ಳಿಗೆರೆಯೊಂದು ಮೂಡುತ್ತದೆ. ಇದಕ್ಕೆ ರಿಂಗಿಂಗ್ ಎನ್ನುತ್ತಾರೆ. ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಎಲ್ಲೆಲ್ಲೂ ಅದೇ ಕಾಣುತ್ತದೆ. ಎಂಪಿವಿ ಎಂಬ ವಿಡಿಯೊ ಪ್ಲೇಯರ್, ಪ್ಲೇಯರಿಗೆ ಜೋಡಿಸಿಕೊಳ್ಳುವ ಮ್ಯಾಡ್‌ವಿಆರ್ ಎಂಬ ತಂತ್ರಾಂಶ ಎರಡರಲ್ಲೂ ಇದನ್ನು ತಗ್ಗಿಸುವ ಸೌಲಭ್ಯವಿದೆ, ದಯವಿಟ್ಟು ಬಳಸಿ.

ಇನ್ನು ನರಜಾಲ ಆಧಾರಿತ, ಅಂದರೆ ಉದಾಹರಣೆಗಳಿಂದ ಕಲಿತು ಅಂದಾಜಿಸುವ ವಿಧಾನಗಳು. ಎನ್‌ಎನ್‌ಇಡಿಐ3 ಎಂಬುದು ಚಿತ್ರವನ್ನು ನೇರ ಇಮ್ಮಡಿಗೊಳಿಸುತ್ತದೆ. 1080ರ ಇಮ್ಮಡಿ ಸರಿಯಾಗಿ 2160 ಆಗುವುದರಿಂದ ಬ್ಲೂ-ರೇ ಚಿತ್ರಗಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಓರೆ ಗೆರೆಗಳು ಮೆಟ್ಟಿಲು ಮೆಟ್ಟಿಲಾಗದೆ ನುಣುಪಾಗಿ ಬರುತ್ತವೆ. ಇಲ್ಲದ ವಿವರಗಳನ್ನು ಸೃಷ್ಟಿಸಿ ತುಂಬುವ ಹೊಸ ತಂತ್ರಗಳನ್ನು ಮಾತ್ರ ನಾನು ಸಿನಿಮಾಕ್ಕೆ ಒಪ್ಪುವುದಿಲ್ಲ. ಅವು ಕೆಲವೊಮ್ಮೆ ಮುಖದ ಸುಕ್ಕುಗಳನ್ನು ಅಳಿಸಿ ಚರ್ಮವನ್ನು ಮೇಣದಂತೆ ಮಾಡಿಬಿಡುತ್ತವೆ. ಛಾಯಾಗ್ರಾಹಕರು ಸೆರೆಹಿಡಿದ ಮುಖವನ್ನು ಬದಲಿಸುವ ಹಕ್ಕು ನಮ್ಮ ಗ್ರಾಫಿಕ್ಸ್ ಕಾರ್ಡಿಗೆ ಇಲ್ಲ.

ಕಾರ್ಡಿನ ಶಕ್ತಿಗೂ ಮಿತಿಯಿದೆ. ಸೆಕೆಂಡಿಗೆ 25 ಫ್ರೇಮಿನ ಚಿತ್ರದಲ್ಲಿ ಒಂದೊಂದು ಫ್ರೇಮಿಗೆ ಸಿಗುವುದು 40 ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಫ್ರೇಮುಗಳು ಬಿಟ್ಟುಹೋಗುತ್ತವೆ, ಕ್ಯಾಮೆರಾ ನಿಧಾನವಾಗಿ ಸರಿಯುವಾಗ ಚಿತ್ರ ತಡವರಿಸುತ್ತದೆ. ಎಂಪಿವಿಯಲ್ಲಿ ಇಂಗ್ಲಿಷಿನ ‘ಐ’ (i) ಅಕ್ಷರದ ಕೀಲಿ ಒತ್ತಿದರೆ ಬಿಟ್ಟುಹೋದ ಫ್ರೇಮುಗಳ ಲೆಕ್ಕ ಪರದೆಯ ಮೇಲೆ ಬರುತ್ತದೆ. ಅದು ಏರುತ್ತಲೇ ಇದ್ದರೆ ಹಗುರವಾದ ವಿಧಾನಕ್ಕೆ ಇಳಿಯಿರಿ. ತಡೆಯಿಲ್ಲದ ಚಲನೆಯ ಮುಂದೆ ಸ್ವಲ್ಪ ಹೆಚ್ಚಿನ ಚೂಪು ದೊಡ್ಡದಲ್ಲ.

ಟಿವಿ ಕಾರ್ಯಕ್ರಮಗಳ ಹಳೆಯ ಮುದ್ರಣಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಒಂದು ಫ್ರೇಮಿನ ಸಮಸಂಖ್ಯೆಯ ಸಾಲುಗಳೂ ಬೆಸಸಂಖ್ಯೆಯ ಸಾಲುಗಳೂ ಬೇರೆ ಬೇರೆ ಕ್ಷಣದವು. ಓಡುವ ಮನುಷ್ಯನ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುವುದು ಇದರಿಂದಲೇ. ಹಿಗ್ಗಿಸುವ ಮೊದಲೇ ಡಿ-ಇಂಟರ್‌ಲೇಸಿಂಗ್, ಅಂದರೆ ಈ ಎರಡು ಕ್ಷಣಗಳನ್ನು ಬಿಡಿಸುವ ಕೆಲಸ, ಆಗಬೇಕು. ಹಿಗ್ಗಿಸಿದ ನಂತರ ಎರಡು ಕ್ಷಣಗಳು ಒಂದರೊಳಗೊಂದು ಬೆರೆತುಹೋಗಿರುತ್ತವೆ, ಬಿಡಿಸಲು ಬರುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಫಲ ಕಾಣದಿದ್ದರೆ ಟಿವಿಯ ಮೆನು ತೆರೆಯಿರಿ. ಓವರ್‌ಸ್ಕ್ಯಾನ್ ಚಾಲೂ ಇದ್ದರೆ ಟಿವಿ ಅಂಚುಗಳನ್ನು ಕತ್ತರಿಸಿ, ಉಳಿದದ್ದನ್ನು ಮತ್ತೆ ಹಿಗ್ಗಿಸುತ್ತದೆ. ಪತ್ತೆಹಚ್ಚುವುದು ಸುಲಭ. ಒಂದು ಪಿಕ್ಸೆಲ್ ಕಪ್ಪು, ಒಂದು ಪಿಕ್ಸೆಲ್ ಬಿಳಿ ಗೆರೆಗಳಿರುವ, ಪರದೆಯಷ್ಟೇ ಅಳತೆಯ ಚಿತ್ರವನ್ನು ಪೂರ್ಣ ಪರದೆಗೆ ಹಾಕಿ. ಗೆರೆಗಳು ಎಲ್ಲ ಕಡೆ ಒಂದೇ ಸಮ ಇದ್ದರೆ ಸರಿ. ಅಲೆ ಅಲೆಯಾದ ಪಟ್ಟಿಗಳು ಕಂಡರೆ ಓವರ್‌ಸ್ಕ್ಯಾನ್ ಬಂದ್ ಮಾಡಿ, ಅದೇ ಚಿತ್ರವನ್ನು ಇನ್ನೊಮ್ಮೆ ನೋಡಿ.

ನಮಸ್ಕಾರ.