ಗಡಸು ನೀರು ಅಳೆಯಲು ಟಿಡಿಎಸ್ ಮೀಟರ್ ಬೇಡ

ನಮ್ಮ ಬೋರ್‌ವೆಲ್ ನೀರಿಗೆ ಸಾಫ್ಟ್‌ನರ್ (ಗಡಸುತನ ತೆಗೆಯುವ ಯಂತ್ರ) ಹಾಕಿಸಿದ ದಿನ, ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅಂತ ಅಂದಾಜಿಸುವ ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ನೋಡಿದೆ. ಮೊದಲು 780 ಇತ್ತು. ಈಗ 795! ಮೋಸ ಆಯ್ತು ಅಂತ ಮನೆಯಲ್ಲಿ ಎಲ್ಲರಿಗೂ ಅನಿಸಿತು. ಆದರೆ ಸಾಫ್ಟ್‌ನರ್ ಸರಿಯಾಗೇ ಇತ್ತು. ನಾವು ಅಳೆದ ರೀತಿ ತಪ್ಪಾಗಿತ್ತು.

ಗಡಸುತನ ಅಂದರೆ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಗೀಸರ್ ಕಾಯಿಲ್‌ಗೆ ಬಿಳಿ ಪದರ ಕಟ್ಟೋದು, ಸೋಪು ನೊರೆ ಬರದೇ ಇರೋದು, ಬೇಳೆ ಬೇಯದೇ ಸತಾಯಿಸೋದು ಇವುಗಳಿಂದಲೇ. ಟಿಡಿಎಸ್ ಮೀಟರ್ ಇವನ್ನು ಹುಡುಕೋದೇ ಇಲ್ಲ. ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ, ಒಂದು ಅಂದಾಜು ಲೆಕ್ಕದಿಂದ ಅಂಕಿ ತೋರಿಸುತ್ತದೆ. ಸಾಫ್ಟ್‌ನರ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಸೋಡಿಯಂ ಬಿಡುತ್ತದೆ. ಒಂದು ಹೋಗಿ ಇನ್ನೊಂದು ಬಂತು. ಮೀಟರಿನ ಅಂಕಿ ಎಲ್ಲಿಂದ ಇಳಿಯಬೇಕು?

ನೀವೇ ಮಾಡಿ ನೋಡಿ. ಒಂದು ಲೋಟ ಆರ್‌ಓ ನೀರಿಗೆ ಚಿಟಿಕೆ ಉಪ್ಪು ಹಾಕಿ. ಮೀಟರ್ ಜಿಗಿಯುತ್ತದೆ. ಗಡಸುತನ ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ಮನೆಬಾಗಿಲಿಗೆ ಬಂದು ಈ ಮೀಟರ್ ಅದ್ದಿ, "ನಿಮ್ಮ ನೀರು ತುಂಬಾ ಗಡಸು" ಅಂದುಬಿಡುವವರ ಮಾತಿಗೆ ದುಡ್ಡು ಕೊಡಬೇಡಿ. ನನಗೆ ಇದು ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಹಾಗಾದರೆ ಏನು ಕೊಳ್ಳಬೇಕು? ಹನಿ ಎಣಿಸುವ ಟೈಟ್ರೇಶನ್ ಕಿಟ್. ಗೆರೆವರೆಗೆ ನೀರು ತುಂಬಿ, ಬಫರ್ (ನೀರಿನ ಪಿಎಚ್ ಸ್ಥಿರವಾಗಿಡುವ ದ್ರಾವಣ) ಮತ್ತು ಇಂಡಿಕೇಟರ್ (ಬಣ್ಣ ತೋರಿಸುವ ವಸ್ತು) ಹಾಕಿದರೆ ನೀರು ಕೆಂಪಾಗುತ್ತದೆ. ಆಮೇಲೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುವ ಇಡಿಟಿಎ ದ್ರಾವಣವನ್ನು ಒಂದೊಂದೇ ಹನಿ ಹಾಕಿ ಅಲ್ಲಾಡಿಸಿ. ಕೆಂಪು ಪೂರ್ತಿ ಹೋಗಿ ನೀಲಿ ಆಗುವವರೆಗೆ ಹನಿ ಎಣಿಸಿ. ಒಂದು ಹನಿ ಎಷ್ಟಕ್ಕೆ ಸಮ ಅಂತ ಕಿಟ್ ಮೇಲೇ ಬರೆದಿರುತ್ತದೆ. ಬಾಟಲಿಯನ್ನು ನೆಟ್ಟಗೆ ಹಿಡಿಯಿರಿ, ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ನಮ್ಮ ನೀರಿನಂತೆ ಹನಿ ಹಾಕಿದಷ್ಟೂ ಮುಗಿಯದಿದ್ದರೆ, ಅರ್ಧ ನಿಮ್ಮ ನೀರು, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ ಅಳೆದು, ಉತ್ತರವನ್ನು ಎರಡರಷ್ಟು ಮಾಡಿ.

ಬಣ್ಣ ಬದಲಾಗುವ ಪಟ್ಟಿಗಳೂ ಸಿಗುತ್ತವೆ. ಸುಮಾರು ಎಷ್ಟಿದೆ ಅಂತ ತಿಳಿಯೋಕೆ ಸಾಕು, ಸಾಫ್ಟ್‌ನರ್ ಸೆಟ್ ಮಾಡೋಕೆ ಸಾಲದು. ಕೊಳ್ಳುವಾಗ ಕಿಟ್‌ನ ಎಕ್ಸ್‌ಪೈರಿ ದಿನಾಂಕ ನೋಡಿ, ರೀಫಿಲ್ ಸಿಗುತ್ತಾ ಕೇಳಿ. ಯೂನಿಟ್ ಕೂಡ ನೋಡಿ. ಒಂದು ಜರ್ಮನ್ ಡಿಗ್ರಿ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 17.8 ಮಿಲಿಗ್ರಾಂ. ಅಮೆರಿಕದ ಗ್ಯಾಲನ್‌ಗೆ ಒಂದು ಗ್ರೇನ್ ಅಂದರೆ ಅದೇ ಲೆಕ್ಕದಲ್ಲಿ 17.1. ನಮ್ಮ ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ.

ನಮ್ಮನೆಯಲ್ಲಿ ಸಾಫ್ಟ್‌ನರ್‌ಗೆ ಹೋಗುವ ನೀರಿನ ಗಡಸುತನ ಲೀಟರಿಗೆ 480 ಮಿಲಿಗ್ರಾಂ ಬಂತು, ಹೊರಗೆ ಬರುವ ನೀರಿನದು 40. ಈಗ ತಿಂಗಳಿಗೊಮ್ಮೆ ಎರಡೂ ಕಡೆ ಅಳೆಯುತ್ತೇವೆ. ಹೊರಗಿನದು ಏರತೊಡಗಿದರೆ ಉಪ್ಪು ಹಾಕಿ ರೀಜನರೇಶನ್ ಮಾಡುತ್ತೇವೆ, ಅಂದರೆ ಹಿಡಿದಿಟ್ಟ ಕ್ಯಾಲ್ಸಿಯಂ ತೊಳೆದು ಸಾಫ್ಟ್‌ನರ್‌ಗೆ ಮತ್ತೆ ಸೋಡಿಯಂ ತುಂಬುತ್ತೇವೆ.